ಕದರಮ್ಮನ ಹೊಲಕ್ಕೆ ಬಿದ್ದ ಬೆಂಕಿ

ಕದರಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ರಾಗಿ ತೆನೆಗಳನ್ನು ರುದ್ರಮುನಿಯವರ ಮೇಜಿನ ಮೇಲೆ ಸುರಿದಳು. ಎಲ್ಲವೂ ಬಿಳಿಚಿಕೊಂಡಿದ್ದವು, ಒಳಗೆ ಕಾಳಿರಲಿಲ್ಲ. ಪಕ್ಕದ ಹೊಲದ ಮೈದುನ ಕಾಟಪ್ಪ ವಿಷ ಹೊಡೆದಿದ್ದಾನೆ, ಈಗಲೇ ಸ್ಟೇಷನ್ನಿಗೆ ಹೋಗಿ ಅವನನ್ನು ಒಳಗೆ ಹಾಕಿಸುತ್ತೇನೆ ಎಂದಳು. ಅವನು ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು ಬದುವಿನ ಮೇಲೆ ಓಡಾಡಿದ್ದನ್ನು ಊರೇ ನೋಡಿತ್ತು.

"ಬಾಯಿಬಿಟ್ಟೇ ಅಂದ ಸಾರ್, ನಿನ್ನ ಹೊಲಕ್ಕೆ ಬೆಂಕಿ ಬೀಳ್ತದೆ ಅಂತ. ಇನ್ನೇನು ಸಾಕ್ಷಿ ಬೇಕು?"

ರುದ್ರಮುನಿ ರಾಯದುರ್ಗದವರು. ಬೆಳೆ ವಿಮೆಯವರ ಪರವಾಗಿ ನಷ್ಟ ನೋಡುವ ಕೆಲಸದಿಂದ ನಿವೃತ್ತರಾಗಿ ನಮ್ಮ ಮಡಕಶಿರದಲ್ಲೇ ನೆಲೆಸಿದ್ದರು. ಬೆಳೆಯ ತಗಾದೆ ಎದ್ದರೆ ಜನ ಅವರ ಬಳಿಗೇ ಬರುತ್ತಿದ್ದರು. ಚೀಲ ಹಿಡಿದು ಹಿಂದೆ ಓಡುವುದು ನನ್ನ ಕೆಲಸ. ಒಂದು ದಿನ ತಡೆಯಲು ಕದರಮ್ಮನನ್ನು ಹೇಗೋ ಒಪ್ಪಿಸಿದೆವು. ನನಗಂತೂ ಕಾಟಪ್ಪನ ಮೇಲೇ ಅನುಮಾನ. ಆದರೆ ಹಾಗೆಂದು ಹೇಳಲು ಧೈರ್ಯ ಬರಲಿಲ್ಲ.

ಹೊಲದಲ್ಲಿ ಎಲೆಗಳು ಹಸಿರಾಗಿಯೇ ಇದ್ದವು, ಅಲ್ಲಲ್ಲಿ ಕಣ್ಣಿನಾಕಾರದ ಬೂದು ಚುಕ್ಕೆ ಅಷ್ಟೆ. ತೆನೆಯ ಕುತ್ತಿಗೆ ಮಾತ್ರ ಕಪ್ಪಾಗಿತ್ತು. ರುದ್ರಮುನಿ ಕೆಲವು ಕುತ್ತಿಗೆ ಕತ್ತರಿಸಿ, ಒದ್ದೆ ಬಟ್ಟೆಯ ಜೊತೆ ಟಿಫಿನ್ ಡಬ್ಬಿಯಲ್ಲಿ ಮುಚ್ಚಿಟ್ಟರು. ಬರುವ ದಾರಿಯಲ್ಲಿ ಕಾಟಪ್ಪನ ಕೊಟ್ಟಿಗೆಗೂ ಇಣುಕಿದೆವು; ಬೂಸ್ಟು ರೋಗಕ್ಕೆ ಹೊಡೆಯುವ ಔಷಧಿಯ ಖಾಲಿ ಪೊಟ್ಟಣ ಬಿದ್ದಿತ್ತು. ಮರುದಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆವು. ಕಪ್ಪು ಜಾಗದಲ್ಲೆಲ್ಲ ಬೂದು ಬೂಸ್ಟು ಬೆಳೆದಿತ್ತು.

ಸಂಜೆ ಕದರಮ್ಮನ ಜಗಲಿಯ ಮೇಲೆ ಎಲ್ಲರೂ ಸೇರಿದರು. ಕಾಟಪ್ಪ ತಲೆ ತಗ್ಗಿಸಿ ಕೂತಿದ್ದ.

"ವಿಷ ಹೊಡೆದಿದ್ರ ಮೊದಲು ಎಲೆ ಸುಡಬೇಕಿತ್ತು ನೋಡ್ರಿ," ಎಂದು ರುದ್ರಮುನಿ ಡಬ್ಬಿ ತೆರೆದರು. "ಡಬ್ಬಿಯೊಳಗ ವಿಷ ಬೆಳೆಯಂಗಿಲ್ಲ, ರೋಗ ಬೆಳೀತದ. ಇದರ ಹೆಸರೇ ಬೆಂಕಿ ರೋಗ. ಕಾಟಪ್ಪ ಶಾಪ ಹಾಕಲಿಲ್ಲರಿ, ಎಚ್ಚರಿಕೆ ಕೊಟ್ಟ."

ಮೊದಲೆಲ್ಲ ತೆನೆ ಬಿಡುವ ಹೊತ್ತಿಗೆ ಮಳೆ ಹಿಂದೆ ಸರಿದು ಬಿಸಿಲು ಬೀಳುತ್ತಿತ್ತು. ಇಲ್ಲಿನ ಹಿರಿಯರಿಗೆ ಈ ರೋಗದ ಹೆಸರು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಹೊತ್ತಿಗೂ ಮಳೆ ಬಿಡುವುದಿಲ್ಲ, ರಾತ್ರಿಯ ಸೆಕೆ ಇಳಿಯುವುದಿಲ್ಲ, ಎಲೆ ಒಣಗುವುದಿಲ್ಲ. ಬೂಸ್ಟಿಗೆ ಬೇಕಾದದ್ದೂ ಅದೇ ಎಂದು ರುದ್ರಮುನಿ ಬಿಡಿಸಿ ಹೇಳಿದರು. ಕೃಷಿ ಕಚೇರಿಯ ಮೀಟಿಂಗಿನಲ್ಲಿ ರೋಗದ ಹೆಸರು ಕೇಳಿದ್ದ ಕಾಟಪ್ಪ, ಅತ್ತಿಗೆಯ ಹೊಲದಲ್ಲಿ ಚುಕ್ಕೆ ಕಂಡು ಕೂಗಿ ಹೇಳಿದ್ದ. ಆಮೇಲೆ ತನ್ನ ಹೊಲಕ್ಕೆ ಔಷಧಿ ಹೊಡೆದುಕೊಂಡಿದ್ದ.

"ಅದನ್ನ ಬಿಡಿಸಿ ಹೇಳಬಾರದೇನೋ?" ಎಂದಳು ಕದರಮ್ಮ.

"ಹೇಳಕ್ಕೆ ನೀನು ಬಿಟ್ಯಾ ಅತ್ತಿಗೆ? ಕುಡ್ಲು ಹಿಡ್ಕಂಡು ಅಟ್ಟಿಸ್ಕಂಡು ಬಂದ್ಯಲ್ಲ."

ಜಗಲಿಯಲ್ಲಿ ನಗು ಎದ್ದಿತು. ಕಾಟಪ್ಪ ಮಾತ್ರ ನಗಲಿಲ್ಲ. ಬೆಟ್ಟದ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು.

"ಅತ್ತಿಗೆ, ನಿನ್ನ ಕೆಳಗಿನ ತಾಕು ತೆನೆ ಬಿಡ್ತಾ?"

"ಇನ್ನೂ ಇಲ್ಲ ಕಣೋ."

"ಹಂಗಾದ್ರೆ ಈಗ್ಲೇ ಔಷಧಿ ಹೊಡೆದ್ರೆ ಅದು ಉಳೀತದೆ. ಏಳು," ಎಂದು ಅವನು ಎದ್ದ. ಅವನು ಔಷಧಿ ತರುವಷ್ಟರಲ್ಲಿ ಕದರಮ್ಮ ಬಿಂದಿಗೆಗೆ ನೀರು ತುಂಬುತ್ತಿದ್ದಳು.