ಅಂಗೈಯಗಲದ ಪುಸ್ತಕ

ಗ್ರಂಥಾಲಯದ ಬೀರುವಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಗಾಜು ಒಡೆದಿರಲಿಲ್ಲ. ಕೀಲು ಕದಲಿರಲಿಲ್ಲ. ಒಳಗಿದ್ದ ಪುಸ್ತಕ ಮಾತ್ರ ಮಾಯ!

ಟಬಿತಾ ಗ್ರಿಮ್‌ಶಾ ಮತ್ತೊಮ್ಮೆ ತಡಕಿ ನೋಡಿದಳು. ಮುಂದಿನ ಸಾಲಿನಲ್ಲಿ ಎತ್ತಲಾರದಷ್ಟು ದಪ್ಪ ಪುಸ್ತಕಗಳು. ಅವುಗಳ ಹಿಂದೆ ಗೋಡೆಗೆ ಆನಿಸಿ ಅಂಗೈಯಗಲದ ಆ ಪುಸ್ತಕ ಇರಬೇಕಿತ್ತು. ಫ್ಲಾರೆನ್ಸಿನಲ್ಲಿ ಅಚ್ಚಾಗಿ ನಾನೂರು ವರ್ಷ ಆಗುತ್ತ ಬಂದಿತ್ತು. ಪುಟಪುಟಕ್ಕೂ ಮರದಚ್ಚಿನ ಚಿತ್ರ. ಲಾರ್ಡ್ ರೆಂಡಲ್ ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೊಂಡ ಮೊಟ್ಟಮೊದಲ ಪುಸ್ತಕ ಅದು. ಆಮೇಲೆ ಅವರು ಮೂವತ್ತು ಸಾವಿರ ಪುಸ್ತಕ ಕೊಂಡರು, ಇಟಲಿಯ ಚಿತ್ರಕಾರರ ಮೇಲೆ ಮೂರು ಸಂಪುಟ ಬರೆದರು, ಅದು ಬೇರೆ ಮಾತು.

ಬೀಗದ ಕೈ ಇದ್ದದ್ದು ಎರಡೇ. ಒಂದು ಲಾರ್ಡ್ ರೆಂಡಲರ ಗಡಿಯಾರದ ಸರಪಳಿಯಲ್ಲಿ. ಎದೆಯ ಕಾಯಿಲೆಗೆಂದು ಚಳಿಗಾಲವೆಲ್ಲ ಇಟಲಿಯಲ್ಲಿದ್ದ ಅವರು ಲ್ಯಾಂಕಷೈರಿನ ಈ ಬಂಗಲೆಗೆ ಮರಳಿದ್ದು ನಿನ್ನೆಯಷ್ಟೇ. ಬೆಳಗ್ಗೆ ಎದ್ದವರೇ ಆ ಪುಸ್ತಕ ತಾ ಎಂದು ಹೇಳಿ ಇಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಇನ್ನೊಂದು ಕೈ, ಧೂಳು ಒರೆಸುವ ಟಬಿತಾಳ ಸೊಂಟದಲ್ಲಿ. ಇನ್ನು ಕೇಳಬೇಕೆ?

"ಉಂಡ ಮನೆಗೇ ಕನ್ನ ಹಾಕಿದೆಯಲ್ಲೇ!" ಮನೆವಾರ್ತೆ ನೋಡುವ ಮಿಸೆಸ್ ಡಕ್ಸ್‌ಬರಿ ಕಿರುಚಿದಳು. "ನಡಿ, ಈಗಲೇ ಗಂಟುಮೂಟೆ ಕಟ್ಟು. ಒಳ್ಳೆ ನಡತೆಯ ಪತ್ರ ಗಿತ್ರ ಅಂತ ನನ್ನ ಹತ್ರ ಬರಬೇಡ."

ಆ ಪತ್ರವಿಲ್ಲದ ಕೆಲಸದವಳನ್ನು ಆ ಸೀಮೆಯಲ್ಲಿ ಯಾರೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಎಂಟು ವರ್ಷದ ದುಡಿಮೆ ಒಂದೇ ಬೆಳಗಿನಲ್ಲಿ ಮಣ್ಣುಪಾಲು.

"ಪೊಲೀಸರಿಗೆ ಹೇಳಿಕಳಿಸಲಾ, ಧಣಿ?" ಎಂದ, ಲೆಕ್ಕ ಒಪ್ಪಿಸಲು ಬಂದಿದ್ದ ಹೆಸ್ಕೆತ್. ಧಣಿಗಳ ಕಲ್ಲಿದ್ದಲ ಗಣಿಗಳಿಗೆಲ್ಲ ಅವನೇ ಮ್ಯಾನೇಜರು.

"ಅವಸರ ಬೇಡ," ಎಂದರು ಲಾರ್ಡ್ ರೆಂಡಲ್, ಕೆಮ್ಮುತ್ತ. "ಟಬಿತಾ, ಹೆದರಬೇಡಮ್ಮ. ಪುಸ್ತಕಾನ ಕೊನೇಗೆ ಯಾವಾಗ ನೋಡಿದ್ದೆ?"

"ಫೆಬ್ರವರೀಲಿ ಧಣಿ. ದೊಡ್ಡವನ್ನೆಲ್ಲ ಕೆಳಗಿಳಿಸಿ ಒರೆಸಿದಾಗ."

"ಆಮೇಲೆ?"

"ಮುಂದಿನ ಸಾಲು ಮಾತ್ರ ಒರೆಸಿದ್ದು. ದೇವರಾಣೆ."

"ಇವಳು ಕೆಲಸ ಮಾಡೋ ಚೆಂದ ಅಲ್ಲೇ ಕಾಣ್ತಿದೆಯಲ್ಲ!" ಡಕ್ಸ್‌ಬರಿ ಬೀರುವಿನ ಪಕ್ಕದ ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಇಟಲಿಯ ಮೂರು ಚಿತ್ರಪಟಗಳು ತೂಗುತ್ತಿದ್ದವು. "ದಿನಾ ಹೇಳ್ತೀನಿ, ದಿನಾ ಸೊಟ್ಟ!"

"ದಿನಾ ಬೆಳಗ್ಗೆ ನೆಟ್ಟಗೆ ಮಾಡ್ತೀನಿ ಅಮ್ಮಾ. ಈ ಕೋಣೆ ಬಾಗಿಲು ಒಂದು ಸಲ ಬಡಿದ್ರೆ ಮತ್ತೆ ಸೊಟ್ಟ ಆಗ್ತವೆ."

"ಬಾಗಿಲು ಯಾಕೆ ಬಡೀತೀಯಾ?"

"ಬಡೀದೆ ಇದ್ರೆ ಅದು ಕೂಡೋದೇ ಇಲ್ಲವಲ್ಲ!"

ಲಾರ್ಡ್ ರೆಂಡಲ್ ಕುರ್ಚಿಯಿಂದ ಎದ್ದರು. ಕೆಮ್ಮು ನಿಂತುಬಿಟ್ಟಿತ್ತು.

"ಯಾವ ಕಡೆಗೆ ವಾಲ್ತವೆ ಟಬಿತಾ?"

"ಎಡಕ್ಕೆ."

"ಮೂರೂ?"

"ಮೂರೂ ಎಡಕ್ಕೇ. ಒಂದೇ ಸಮ."

"ಯಾವಾಗಿಂದ?"

"ಮಾರ್ಚ್—" ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು. ಅಪ್ಪ ಏಬಲ್ ಗ್ರಿಮ್‌ಶಾ ಗಣಿಯ ಹೊಸ ಜಾಗಕ್ಕೆ ಹೋಗತೊಡಗಿದ್ದೂ ಮಾರ್ಚಿನಲ್ಲೇ. ಎಲ್ಲಿ ಅಗೆಯುತ್ತಿದ್ದೇವೆ ಎಂದು ಹೊರಗೆ ಉಸಿರಿದವನಿಗೆ ಕೆಲಸವೂ ಇಲ್ಲ, ಗಣಿ ಕೊಟ್ಟ ಮನೆಯೂ ಇಲ್ಲ ಎಂದು ಹೆಸ್ಕೆತ್ ಕಟ್ಟಪ್ಪಣೆ ಮಾಡಿದ್ದ. ಅವನೀಗ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ದೊಡ್ಡ ಪುಸ್ತಕ ಎಲ್ಲಾ ಇಳಿಸಿ," ಎಂದರು ಧಣಿ.

ಇಳಿಸಿದರು. ಆ ಬೀರುವಿಗೆ ಹಿಂಬದಿಯ ಹಲಗೆ ಇರಲಿಲ್ಲ, ಗೋಡೆಯೇ ಅದರ ಬೆನ್ನು. ಮೂವತ್ತು ವರ್ಷ ಗೋಡೆಗೆ ಅಂಟಿಕೊಂಡಿದ್ದ, ಪುಸ್ತಕ ಇಡುವ ಅಡ್ಡಹಲಗೆಯ ಹಿಂದೆ ಈಗ ಎರಡು ಬೆರಳಗಲದ ಬಿರುಕು! ಧಣಿ ಬೆಂಕಿ ಕೆದಕುವ ಸಲಾಕೆ ತೆಗೆದುಕೊಂಡು ಬೀರುವಿನ ತಳದ ಹಲಗೆಯನ್ನು ತಾವೇ ಮೀಟಿದರು. ಗಾರೆಯ ಪುಡಿಯ ನಡುವೆ, ಬೆನ್ನು ಮೇಲಾಗಿ, ಪುಟ್ಟ ಪುಸ್ತಕ ಬಿದ್ದಿತ್ತು.

"ಅಯ್ಯೋ ದೇವರೇ!" ಎಂದಳು ಡಕ್ಸ್‌ಬರಿ. ಟಬಿತಾ ಗಳಗಳನೆ ಅತ್ತುಬಿಟ್ಟಳು.

"ನಾವು ಕಣ್ಣೆದುರಿಗಿದ್ದದ್ದನ್ನೇ ಬಿಟ್ಟೆವು," ಎಂದರು ಧಣಿ. "ಒಂದು ಪಟ ಸೊಟ್ಟ ಆದ್ರೆ ಅದು ಕೆಲಸದವಳ ತಪ್ಪು. ಮೂರೂ ಒಂದೇ ಕಡೆಗೆ, ಒಂದೇ ಸಮ ಸೊಟ್ಟ ಆದ್ರೆ? ಗಾರೆಯವರು ಗೋಡೆ ನೇರ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಬಿಡ್ತಾರಲ್ಲ, ಒಂದೇ ಮೊಳೆಗೆ ತೂಗುಹಾಕಿದ ಪಟಾನೂ ಹಾಗೇ. ಅವು ನೆಟ್ಟಗೇ ಇದ್ದವು. ಸೊಟ್ಟ ಆಗಿದ್ದು ಮನೆ! ಇಟಲಿಯ ಚರ್ಚುಗಳಲ್ಲಿ ಇಂಥ ಗೋಡೆ ನೋಡ್ತಾ ನನ್ನ ಅರ್ಧ ಆಯುಸ್ಸು ಕಳೀತು. ನೆಲ ಕುಸಿದರೇ ಗೋಡೆ ಹೀಗೆ ಹೊರಕ್ಕೆ ವಾಲೋದು. ಹೆಸ್ಕೆತ್, ಈ ಮನೆಯ ಅಡಿಯ ಕಲ್ಲಿದ್ದಲು ಮುಟ್ಟಕೂಡದು ಅಂತ ನಮ್ಮಜ್ಜ ಬರೆಸಿಟ್ಟಿದ್ದರು. ಯಾರು ಮುಟ್ಟಿದ್ದು?"

"ಯಾರೂ ಇಲ್ಲ ಧಣಿ! ಈ ವರ್ಷ ಮಳೆ ಜಾಸ್ತಿ. ನೆಲ ಸ್ವಲ್ಪ—"

ಟಬಿತಾ ಕಣ್ಣೊರೆಸಿಕೊಂಡಳು. ಪುಸ್ತಕ ಸಿಕ್ಕಿತು, ಅವಳ ಮಾನ ಉಳಿಯಿತು. ಸುಮ್ಮನಿದ್ದರೆ ಅಪ್ಪನ ಮನೆಯೂ ಉಳಿಯುತ್ತದೆ. ಆದರೆ ಮೇಲೆ ನಿಂತ ಬಂಗಲೆಯೇ ಇಷ್ಟು ವಾಲಿದ್ದರೆ, ಕೆಳಗಿದ್ದವರ ತಲೆಯ ಮೇಲಿನ ಬಂಡೆ ಹೇಗಿರಬೇಡ?

"ಸುಳ್ಳು!" ಎಂದಳು. ಸ್ವರ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ಅಗೀತಿದ್ದಾರೆ ಧಣಿ. ಇದೇ ಕೋಣೆಯ ಕೆಳಗೆ. ಹನ್ನೊಂದು ಜನ. ನಮ್ಮಪ್ಪ ಈಗಲೂ ಅಲ್ಲೇ ಇದ್ದಾನೆ. ಬಾಯಿ ಬಿಟ್ಟರೆ ಬೀದಿಗೆ ಹಾಕ್ತೀನಿ ಅಂತ ಇವರು ಹೆದರಿಸಿದ್ದಾರೆ. ಹಾಕಲಿ! ಅಪ್ಪ ಒಬ್ಬ ಮೇಲೆ ಬಂದ್ರೆ ಸಾಕು."

ಧಣಿ ಟೋಪಿಗೂ ಕಾಯಲಿಲ್ಲ. ಎದೆ ಹಿಡಿದುಕೊಂಡು ಗಣಿಯ ಬಾಯಿಗೆ ನಡೆದೇ ಹೋದರು. ಟಬಿತಾ ಬೆನ್ನ ಹಿಂದೆಯೇ ಓಡಿದಳು. ಮಧ್ಯಾಹ್ನ ಒಂದರ ಹೊತ್ತಿಗೆ ಕೊನೆಯವನಾಗಿ ಏಬಲ್ ಮೇಲೆ ಬಂದ. ಬೆಳಕಿಗೆ ಕಣ್ಣು ಕಿರಿದು ಮಾಡಿ, "ಏನೇ ಮಗಳೇ, ಯಾರಾದ್ರೂ ಸತ್ತರಾ?" ಎಂದು ಕೇಳಿದ. ಅವಳು ಅವನ ಮಸಿ ಅಂಗಿಗೆ ಮುಖ ಒತ್ತಿದಳು.

ಅದೇ ವಾರದ ಗುರುವಾರ ಬೆಳಗ್ಗೆ ಕೆಳಗಿನ ಆ ಜಾಗ ಕುಸಿಯಿತು. ಬಂಗಲೆಯ ಕಿಟಕಿಗಳೆಲ್ಲ ಅದುರಿದವು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅಂದೇ ಧಣಿ ಮನೆಯ ಆಳುಕಾಳುಗಳನ್ನೆಲ್ಲ ಗ್ರಂಥಾಲಯಕ್ಕೆ ಕರೆಸಿ, ಎಲ್ಲರೆದುರಿಗೆ ಟಬಿತಾಳ ಕ್ಷಮೆ ಕೇಳಿದರು. ಡಕ್ಸ್‌ಬರಿಯಿಂದಲೂ ಕೇಳಿಸಿದರು.

"ಪುಸ್ತಕ ಯಾರೂ ಕದಿಯಲಿಲ್ಲ," ಎಂದರು. "ನೆಲ ಕದ್ದರು. ಕದ್ದವರು ಇಬ್ಬರು. ಒಬ್ಬ ಹೆಸ್ಕೆತ್. ಅವನನ್ನ ಕಳಿಸಿಯಾಯ್ತು. ಹೋಗುವಾಗ ಅವನು ಒಂದು ಮಾತು ಕೇಳಿದ— 'ಬೇರೆ ಕಡೆ ಕಲ್ಲಿದ್ದಲು ಮುಗೀತಾ ಬಂತು ಅಂತ ನಾಲ್ಕು ಸಲ ಬರೆದೆ. ಓದಿದ್ರಾ?' ನಾನು ಓದಿರಲಿಲ್ಲ. ಆ ಪುಸ್ತಕ ಬೇಕು, ಈ ಪಟ ಬೇಕು, ಹಣ ಕಳಿಸು ಅಂತ ತಂತಿ ಮೇಲೆ ತಂತಿ ಕೊಡ್ತಿದ್ದೆ. ಎರಡನೇ ಕಳ್ಳ ನಾನೇ."

ಭಾನುವಾರ ಚರ್ಚು ಮುಗಿಸಿ ಹನ್ನೊಂದು ಜನವೂ ಮೈ ಉಜ್ಜಿ ತೊಳೆದು, ಬಂಗಲೆಯ ಹಿಂಬಾಗಿಲಿಗೆ ಬಂದು ನಿಂತರು. ತಮ್ಮ ಜೀವ ಉಳಿಸಿದ ಪುಸ್ತಕವನ್ನು ಒಂದು ಸಲ ನೋಡಬೇಕಂತೆ. ಧಣಿ ತಾವೇ ಹೋಗಿ ಮುಂಬಾಗಿಲಿನಿಂದ ಕರೆತಂದರು.

"ಇಷ್ಟೇನಾ?" ಎಂದ ಏಬಲ್. "ನಮ್ಮಮ್ಮನ ಪ್ರಾರ್ಥನೆ ಪುಸ್ತಕಾನೇ ಇದಕ್ಕಿಂತ ದೊಡ್ಡದಿತ್ತು."

ಎಲ್ಲರೂ ನಕ್ಕರು. ಧಣಿ ಪುಸ್ತಕವನ್ನು ಮುಂದೆ ಚಾಚಿದರು. ಏಬಲ್ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಎಷ್ಟು ತೊಳೆದರೂ ಹೋಗದ ಮಸಿ ಅವನ ಅಂಗೈಯ ಗೆರೆಗೆರೆಯಲ್ಲೂ ಕೂತಿತ್ತು.

"ಬೇಡ ಧಣಿ. ಕೊಳೆಯಾಗತ್ತೆ."

"ಇದನ್ನ ಕೊಂಡಿದ್ದೇ ಆ ಮಸಿಯಿಂದ ಏಬಲ್," ಎಂದರು ಲಾರ್ಡ್ ರೆಂಡಲ್. "ಮೂವತ್ತೆಂಟು ವರ್ಷ ಆಯ್ತು, ಒಂದು ಸಲಾನೂ ನಾನು ನಿಮಗೆ ಥ್ಯಾಂಕ್ಸ್ ಹೇಳಲಿಲ್ಲ. ಹಿಡ್ಕೋ."

ಟಬಿತಾ ಅಪ್ಪನ ಕೈಯನ್ನು ಬೆನ್ನ ಹಿಂದಿನಿಂದ ಎಳೆದು ಮುಂದೆ ಹಿಡಿದಳು.