ಸದ್ದೇ ಮಾಡದ ಕನ್ಸೋಲ್

"ಜಗಳದ ಅಧ್ಯಾಯಗಳೆಲ್ಲ ಕ್ಲೀನಾಗಿವೆ ಮೇಡಂ. ಪ್ರೀತಿ ಮಾತು ಬಂದ ಕಡೆಯೆಲ್ಲಾ ಹಿಂದೆ ಯಾರೋ ಮಿಕ್ಸಿ ಓಡಿಸ್ತಿದ್ದಾರೆ" ಎಂದು ಸ್ಟುಡಿಯೋದ ಎಂಜಿನಿಯರ್ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ.

ಅವರು ನಗಲಿಲ್ಲ. ಒಂದಾದ ಮೇಲೊಂದು ತುಣುಕು ಕೇಳಿಸಿದರು. ನಾಯಕಿ ಬೈಯುವಾಗ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಅವಳು 'ನಿನ್ನನ್ನು ಬಿಟ್ಟು ನನಗೆ ಯಾರೂ ಇಲ್ಲ' ಎನ್ನುತ್ತಿದ್ದಂತೆ 'ಗುಂಯ್' ಎಂದು ಶುರು. ನನ್ನ ನಗು ಅಲ್ಲಿಗೇ ನಿಂತಿತು.

ನಾನು ಆಡಿಯೋ ಪುಸ್ತಕಗಳಿಗೆ ದನಿ ಕೊಡುವವಳು. ನನ್ನ ಸ್ಟುಡಿಯೋ ಎಂದರೆ ಮಲಗುವ ಕೋಣೆಯ ದೊಡ್ಡ ಬಟ್ಟೆ ಬೀರು. ಕೋಟು, ಕಂಬಳಿಗಳ ನಡುವೆ ಮೈಕ್ ಇಟ್ಟುಕೊಂಡು ಕೂರುತ್ತೇನೆ, ಪ್ರತಿಧ್ವನಿಯನ್ನೆಲ್ಲ ಬಟ್ಟೆ ನುಂಗಿಕೊಳ್ಳುತ್ತದೆ. ಆಗಾಗ ಅಮ್ಮ ಬಂದು, "ಇನ್ನೂ ಉಸಿರಾಡ್ತಿದ್ದೀಯೇನೇ?" ಎಂದು ಬೀರುವಿನ ಬಾಗಿಲು ತಟ್ಟುತ್ತಾಳೆ. ಇಷ್ಟು ವರ್ಷ ಔಷಧಿಯ ಜಾಹೀರಾತು, ತೂಕ ಇಳಿಸುವ ಪುಸ್ತಕ ಎಂದು ಓದಿಕೊಂಡಿದ್ದವಳಿಗೆ ಇದು ಮೊದಲ ಕಾದಂಬರಿ. ಸದ್ದು ನಿಲ್ಲದಿದ್ದರೆ ಬೇರೆಯವರಿಂದ ಓದಿಸುತ್ತಾರಂತೆ.

ಸದ್ದು ಯಾರದ್ದೆಂದು ಕೇಳುವುದೇ ಬೇಡ. ಬೀರುವಿನ ಹಿಂದಿನ ಗೋಡೆಯಾಚೆ ಪಕ್ಕದ ಮನೆಯವರ ಹಾಲ್. ಅಲ್ಲಿ ಟಿವಿಯ ಕೆಳಗೆ ಒಂದು ಓಬೀರಾಯನ ಕಾಲದ ಗೇಮ್ ಕನ್ಸೋಲ್. ಅದರ ಫ್ಯಾನ್ ತಿರುಗಿತೆಂದರೆ ನಮ್ಮ ಮನೆಯ ಲೋಟಗಳೂ ಗುನುಗುತ್ತವೆ.

ಕಷ್ಟ ಏನೆಂದರೆ, ಆ ಪಕ್ಕದ ಮನೆಯವರನ್ನು ಕಂಡರೆ ನನಗೆ ಇಷ್ಟ. ಲ್ಯಾಬ್ ಒಂದರಲ್ಲಿ ಕೃತಕ ಹಲ್ಲು ಮಾಡುವ ಮನುಷ್ಯ. ಅಮ್ಮ ಅವರಿಗಿಟ್ಟ ಹೆಸರು ಹಲ್ಲಪ್ಪ. ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲುವ ಈ ಹಲ್ಲಪ್ಪ, ನಾನು ನಕ್ಕರೆ ಮಾತ್ರ ತಟ್ಟನೆ ತಲೆಯೆತ್ತುತ್ತಾರೆ. ಒಮ್ಮೆ, "ನಿಮ್ಮ ಮೇಲಿನ ಸಾಲು ತುಂಬಾ ಚೆನ್ನಾಗಿದೆ" ಎಂದರು. ಎಂದವರೇ ಕಿವಿಯವರೆಗೂ ಕೆಂಪಾಗಿ ತಪ್ಪು ಮಹಡಿಯಲ್ಲಿ ಇಳಿದು ಹೋದರು. ಅಂದಿನಿಂದ ಅವರೆದುರು ಸುಮ್ಮಸುಮ್ಮನೆ ನಗುವುದು ನನಗೆ ಚಾಳಿಯಾಗಿದೆ.

ಅಂಥವರು ನನ್ನ ಪ್ರೇಮದ ಮಾತುಗಳನ್ನೇ ಆರಿಸಿ ಹಾಳುಮಾಡುವುದೇ? ಸಿಟ್ಟು ನೆತ್ತಿಗೇರಿತು. ಹೋಗಿ ಬಾಗಿಲು ತಟ್ಟಿದೆ.

"ನಾನು ಮಾತಾಡೋವಾಗಲೇ ಅದನ್ನ ಯಾಕೆ ಆನ್ ಮಾಡ್ತೀರಿ?"

ಅವರ ಮುಖ ಬಿಳುಚಿತು. "ಕೇಳಿಸಬಾರದು ಅಂತಲೇ..." ಎಂದು ಏನೋ ಹೇಳಹೊರಟು ನುಂಗಿಕೊಂಡರು. "ಹಳೇದು ನೋಡಿ, ತುಂಬಾ ಸದ್ದು. ಹೊಸದು ಕೊಂಡ್ಕೊಳ್ಳೋದಾ ಬೇಡ್ವಾ ಅಂತ ಒಂದು ವರ್ಷದಿಂದ ಯೋಚನೆ ಮಾಡ್ತಾನೇ ಇದ್ದೀನಿ."

"ಇನ್ನೇನು ಯೋಚನೆ? ಭಾನುವಾರ ನಾನೂ ಬರ್ತೀನಿ. ಸದ್ದು ಮಾಡುತ್ತೋ ಇಲ್ವೋ ಅಂತ ನನ್ನ ಕಿವಿ ಹೇಳುತ್ತೆ."

ಬಾಯಿಗೆ ಬಂದದ್ದು ಆಡಿಬಿಟ್ಟಿದ್ದೆ. ಜಗಳಕ್ಕೆ ಹೋದವಳು ಜೊತೆಗೆ ತಿರುಗಾಡಲು ದಿನ ಗೊತ್ತುಮಾಡಿಕೊಂಡು ವಾಪಸ್ಸು ಬಂದದ್ದು ಕೇಳಿ ಅಮ್ಮ ಕೈಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು.

ಅಂಗಡಿಯಲ್ಲಿ ಹೊಸ ಕನ್ಸೋಲ್ ಬಿಳಿಯ ಸ್ಟ್ಯಾಂಡಿನ ಮೇಲೆ ನೆಟ್ಟಗೆ ಕೂತಿತ್ತು. ಪರದೆಯ ಮೇಲೆ ಕಾಡು, ಎಲೆಎಲೆಯ ಮೇಲೂ ಬೆಳಕು. ಮಾರುವ ಹುಡುಗಿ ಉತ್ಸಾಹದ ಬುಗ್ಗೆ. ಹಳೇ ಆಟಗಳು ಇದರಲ್ಲಿ ನಡೆಯುತ್ತವೆಯೇ ಎಂದು ಹಲ್ಲಪ್ಪ ಕೇಳಿದರು. ಎಲ್ಲವೂ ನಡೆಯುತ್ತದೆ ಎಂದಳು. ಮನೆಯ ಡಿಸ್ಕುಗಳು? ಅದಕ್ಕೂ ಜಾಗವಿದೆ. ಒಂದೊಂದು ಉತ್ತರಕ್ಕೂ ಅವರ ಮುಖ ಇಷ್ಟಿಷ್ಟೇ ಸಣ್ಣದಾಗುತ್ತಿತ್ತು. ಕೊಳ್ಳದಿರಲು ನೆಪ ಹುಡುಕುತ್ತಿದ್ದಾರೆಂದು ನನಗೂ ಅರ್ಥವಾಯಿತು.

ನಾನು ಬಗ್ಗಿ ಆ ಯಂತ್ರಕ್ಕೆ ಕಿವಿಯಾನಿಸಿದೆ. ಇನ್ನೊಂದು ಬದಿಯಿಂದ ಅವರೂ ಬಗ್ಗಿದರು. ನಮ್ಮಿಬ್ಬರ ಮೂಗಿನ ನಡುವೆ ಒಂದು ಗೇಣಿತ್ತೋ ಇಲ್ಲವೋ. ಅವರ ರೆಪ್ಪೆ ಪಟಪಟ ಬಡಿಯಿತು. ಯಂತ್ರ ಉಸಿರೂ ಬಿಡಲಿಲ್ಲ. ಕೇಳಿಸಿದ್ದೆಲ್ಲ ನನ್ನ ಎದೆಯದೇ ಸದ್ದು.

"ಸದ್ದೇ ಇಲ್ಲ!" ಎಂದೆ.

"ಹೌದು. ಅದಕ್ಕೇ ಬೇಡ" ಎಂದರು.

ನಾನು ದಂಗಾಗಿ ನೆಟ್ಟಗೆ ನಿಂತೆ. ಹುಡುಗಿಯೂ ಬಾಯಿ ತೆರೆದು ನೋಡಿದಳು. ಸದ್ದು ಮಾಡುವುದಿಲ್ಲವೆಂದು ದೂರು ಹೇಳಿದ ಗಿರಾಕಿಯನ್ನು ಅವಳು ಕಂಡಿರಲಿಕ್ಕಿಲ್ಲ.

"ಅಂದ್ರೆ? ನನಗೆ ತೊಂದರೆ ಕೊಡೋದೇ ನಿಮಗೆ ಖುಷಿನಾ?"

"ಅಯ್ಯೋ, ಹಾಗಲ್ಲ!" ಅವರು ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಗೋಡೆ ತುಂಬಾ ತೆಳು. ನೀವು ಬೀರುವಿನ ಬಾಗಿಲು ಎಳ್ಕೊಂಡು ಒಳಗೆ ಕೂತು ಅವರ ಹತ್ರ ಮಾತಾಡೋದು ನನಗೆ ಕೇಳಿಸುತ್ತೆ. ಪೂರ್ತಿ ಅಲ್ಲ, ದನಿ ಏರಿದಾಗ ಮಾತ್ರ. ಬೇರೆಯವರ ಪ್ರೀತಿ ಮಾತು ಕದ್ದು ಕೇಳಬಾರದು ಅಂತ, ಅಂಥಾ ಮಾತು ಶುರುವಾದ ಕೂಡಲೇ ಕನ್ಸೋಲ್ ಹಾಕಿಬಿಡ್ತೀನಿ. ಆಟ ಆಡಲ್ಲ, ಸುಮ್ಮನೆ ಓಡಿಸ್ತೀನಿ. ಜಗಳ ಆದ್ರೆ ಹಾಕಲ್ಲ. ಯಾರಾದ್ರೂ ಸಹಾಯಕ್ಕೆ ಬರಬೇಕಾದೀತು ಅಂತ."

"ಅವರ ಹತ್ರ? ಯಾರ ಹತ್ರ?"

"ಅದೇ, ನಿಮ್ಮ... ನಿಮ್ಮ ಅಮ್ಮನಿಗೆ ಗೊತ್ತಿಲ್ಲದ ಹಾಗೆ ಮಾತಾಡ್ತೀರಲ್ಲ, ಅವರ ಹತ್ರ. ನಾನು ಯಾರಿಗೂ ಹೇಳಿಲ್ಲ. ಆಣೆ."

ಅಂದರೆ ಇವರ ಲೆಕ್ಕದಲ್ಲಿ ನಾನು ಪ್ರತಿ ಸಂಜೆ ಬೀರುವಿನೊಳಗೆ ಬಚ್ಚಿಟ್ಟುಕೊಂಡು ಯಾರನ್ನೋ ಪ್ರೀತಿಸುತ್ತಿದ್ದೇನೆ! ಇಷ್ಟು ದಿನ ಲಿಫ್ಟಿನಲ್ಲಿ ನಾನು ಬೀರಿದ ನಗೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಸ್ಟ್ಯಾಂಡನ್ನು ಹಿಡಿದುಕೊಂಡೆ.

"ಅದು ಪುಸ್ತಕ ಕಣ್ರೀ!" ದನಿ ಕೀಚಲಾಯಿತು. "ನಾನು ಪುಸ್ತಕ ಓದಿ ರೆಕಾರ್ಡ್ ಮಾಡೋಳು. ಅದು ನನ್ನ ಹೊಟ್ಟೆಪಾಡು!"

ಈಗ ದಂಗಾಗುವ ಸರದಿ ಅವರದು. ಕಣ್ಣು ಮಿಟುಕಿಸುವುದನ್ನೇ ಮರೆತರು.

"ಆದ್ರೆ ಒಂದೇ ಮಾತನ್ನ ಮತ್ತೆ ಮತ್ತೆ ಹೇಳ್ತಿದ್ರಲ್ಲ? 'ನಿನ್ನನ್ನು ಬಿಟ್ಟು ನನಗೆ ಯಾರೂ ಇಲ್ಲ' ಅಂತ?"

"ರಿಟೇಕ್! ಉಸಿರು ಸರಿ ಬರ್ಲಿಲ್ಲ ಅಂದ್ರೆ ಮತ್ತೆ ಹೇಳ್ಬೇಕು."

"ರಿಟೇಕ್" ಎಂದು ಅವರೂ ಮೆಲ್ಲಗೆ ಅಂದುಕೊಂಡರು. ಮುಖದ ಮೇಲೆ ಏನೇನೋ ಬಂದು ಹೋಯಿತು. "ನಾನು ಅವನನ್ನ ಎಷ್ಟು ಬೈದಿದ್ದೀನಿ ಗೊತ್ತಾ? ಇಂಥವಳು ಇಷ್ಟು ಸಲ ಹೇಳ್ತಿದ್ರೂ ಒಪ್ಪದೇ ಇರೋ ಇವನು ಎಂಥಾ ಮನುಷ್ಯ ಅಂತ. ನೀವು ಅತ್ತ ದಿನ ನನಗೆ ಊಟ ಸೇರ್ಲಿಲ್ಲ." ಅವರು ತಲೆ ತಗ್ಗಿಸಿದರು. "ನನಗಾದ್ರೆ ಒಂದೇ ಒಂದು ಸಲ ಹೇಳಿದ್ರೆ ಸಾಕಾಗ್ತಿತ್ತು."

ಅಂಗಡಿಯ ಗದ್ದಲವೆಲ್ಲ ಎಲ್ಲಿ ಹೋಯಿತೋ. ದನಿಯನ್ನೇ ನಂಬಿ ಬದುಕುವವಳು ನಾನು. ಪುಸ್ತಕದ ನಾಯಕಿಯ ಪ್ರೀತಿಯನ್ನು ಎಷ್ಟು ಸಲ ಓದಿದ್ದೇನೆ. ನನ್ನ ಪಾಲಿಗೆ ಬಂದಾಗ ಗಂಟಲಲ್ಲಿ ಒಂದಕ್ಷರ ಇರಲಿಲ್ಲ.

"ಹಾಗಾದ್ರೆ ಇದು ಬೇಕಾಗಿಲ್ಲ" ಎಂದು ಅವರೇ ತಡವರಿಸುತ್ತ ಹೇಳಿದರು. "ಇನ್ನು ಹಳೇದನ್ನ ಹಾಕೋದೇ ಇಲ್ಲ. ನಿಮ್ಮ ಕೆಲಸಕ್ಕೆ ತೊಂದರೆ ಆಗಲ್ಲ. ಕ್ಷಮಿಸಿ, ಬಾಯಿ ತಪ್ಪಿ ಏನೇನೋ..." ಅಷ್ಟೆಂದು ಬಾಗಿಲ ಕಡೆ ತಿರುಗಿದರು.

ಮಾರುವ ಹುಡುಗಿ ಅಷ್ಟು ಸುಲಭಕ್ಕೆ ಗಿರಾಕಿಯನ್ನು ಬಿಡುವವಳಲ್ಲ. "ಸರ್, ಸರ್! ಕೈಲಿ ಹಿಡಿದು ಆಡೋ ಕಂಟ್ರೋಲರ್ ಒಂದು ಜೊತೆಗೇ ಬರುತ್ತೆ. ಇಬ್ಬರೂ ಆಡೋ ಹಾಗಿದ್ರೆ ಇನ್ನೊಂದು ಬೇಕಾಗುತ್ತೆ. ಬೇಕಾ, ಬೇಡ್ವಾ?"

ಪ್ರಶ್ನೆ ಅವರಿಗೆ. ನಾನು ಇಂಥ ಆಟವನ್ನು ಜನ್ಮದಲ್ಲಿ ಆಡಿದವಳಲ್ಲ.

"ಬೇಕು" ಎಂದೆ.

ದನಿ ಒಡೆದಿತ್ತು, ಉಸಿರು ತಪ್ಪಿತ್ತು. ಎಂಜಿನಿಯರ್ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಹಲ್ಲಪ್ಪ ನಿಂತಲ್ಲೇ ತಿರುಗಿದರು. ನಾನು ನಗದಿದ್ದರೂ ಈ ಸಲ ನನ್ನನ್ನೇ ನೋಡಿದರು.

"ಏನಂದ್ರಿ? ಇನ್ನೊಂದು ಸಲ ಹೇಳಿ."

"ಒಂದೇ ಸಲ ಸಾಕು ಅಂದ್ರಲ್ಲ!" ಎಂದೆ.