ಹಠಮಾರಿ ನಟ್ಟು

ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು ಇಳಿಜಾರಿನ ತಲೆಯಲ್ಲೇ ತಾನಾಗಿ ವೇಗ ಇಳಿಸಿ ನಿಂತುಬಿಟ್ಟಿತು. ಚಾಲಕ ಲಕ್ಕಪ್ಪ ಗುಂಡಿ ಒತ್ತಿದ, ಬಾಯಿಗೆ ಬಂದಂತೆ ಬೈದ, ಇಳಿದು ಗಾಲಿಗೊಂದು ಒದ್ದ. ಅದು ಜಪ್ಪಯ್ಯ ಅನ್ನಲಿಲ್ಲ. ಎದುರಿನ ಪರದೆಯ ಮೇಲೆ ಇದ್ದದ್ದು ಒಂದೇ ಮಾತು: ‘ಹಿಂದಿನ ಟ್ರೇಲರ್, ಎಡ ಗಾಲಿ, ನಟ್ಟು ಸಡಿಲ. ಬಿಗಿ ಮಾಡಿ.’

ಇಳಿಜಾರಿನ ಬುಡದಲ್ಲಿ, ತಿರುವಿಗೆ ಎದುರಾಗಿ ಕಸ್ತೂರೆವ್ವನ ಚಹಾದಂಗಡಿ. ಲಕ್ಕಪ್ಪ ಸಿಟ್ಟಿನಿಂದಲೇ ಅಲ್ಲಿಗೆ ಇಳಿದು ಬಂದ. ಈ ನಟ್ಟನ್ನು ಕಂಡುಹಿಡಿದ ವಿಜ್ಞಾನಿ ಇಂದುಮತಿ ಹೂಗಾರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ವಾರದಿಂದ ಬರುತ್ತಿದ್ದ ದೂರುಗಳನ್ನು ಕಣ್ಣಾರೆ ನೋಡೋಣವೆಂದು ಬಂದಿದ್ದಳು.

‘ಎಂಥಾ ನಟ್ಟು ಮಾಡೀರಿ ಮೇಡಂ! ಹಠಮಾರಿ ಕೂಸು ಇದ್ದಂಗ ಐತಿ. ಊರಾಗಿನ ಎಲ್ಲಾ ಟ್ರ್ಯಾಕ್ಟರೂ ಹಿಂಗ ನಿಂತಾವ. ಎಲ್ಲಾರ ನಟ್ಟೂ ಒಮ್ಮಿಗೇ ಸಡಲ ಆಗ್ತಾವೇನ್ರಿ?’

‘ಅವನ ಮಾತೂ ಖರೇ ಐತಿ ಬಿಡ್ರಿ ಅಕ್ಕಾರ,’ ಎಂದಳು ಕಸ್ತೂರೆವ್ವ, ಚಹಾ ಸೋಸುತ್ತ.

ಇದು ಇಂದಿನಿಂದ ಮೂರು ದಶಕ ಮುಂದಿನ ಮಾತು. ಟ್ರ್ಯಾಕ್ಟರುಗಳು ಡೀಸೆಲ್ ಬಿಟ್ಟು ಬ್ಯಾಟರಿಗೆ ಬಂದಿದ್ದವು, ಅವುಗಳ ಮೇಲಿನ ಹಾಡಿನ ಸ್ಪೀಕರಿನ ಅಬ್ಬರ ಮಾತ್ರ ಹಾಗೇ ಇತ್ತು. ಇಂದುಮತಿಯ ನಟ್ಟಿನೊಳಗೆ ತೆಳ್ಳನೆಯ ಹರಳಿನ ಬಿಲ್ಲೆಯೊಂದಿತ್ತು. ಒತ್ತಡ ಹೆಚ್ಚುಕಡಿಮೆಯಾದಂತೆ ಆ ಹರಳು ವಿದ್ಯುತ್ತಿನ ಸಣ್ಣ ಮಿಡಿತ ಹುಟ್ಟಿಸುತ್ತದೆ. ಮಿಡಿತವನ್ನು ಅಳೆದರೆ ನಟ್ಟು ಗಾಲಿಯನ್ನು ಎಷ್ಟು ಬಿಗಿಯಾಗಿ ಅಮುಕಿ ಹಿಡಿದಿದೆ ಎಂದು ತಿಳಿಯುತ್ತದೆ. ಹಿಡಿತ ತಪ್ಪುತ್ತಿದೆ ಎಂದಾದರೆ ನಟ್ಟು ಮೋಟಾರಿಗೆ ಸುದ್ದಿ ಕಳಿಸಿ ಗಾಡಿಯನ್ನು ಮೆಲ್ಲಗೆ ನಿಲ್ಲಿಸುತ್ತದೆ. ಬಿಗಿ ಮಾಡುವ ತನಕ ಯಾರ ಮಾತನ್ನೂ ಕೇಳುವುದಿಲ್ಲ. ಅದು ಬಂದ ಮೇಲೆ ಆ ಸೀಮೆಯ ರಸ್ತೆಗಳಲ್ಲಿ ಗಾಲಿ ಕಳಚಿ ಉರುಳಿದ ಸುದ್ದಿಯೇ ಇರಲಿಲ್ಲ.

ಇಂದುಮತಿ ಲಕ್ಕಪ್ಪನ ಜೊತೆ ಏರು ಹತ್ತಿ, ಜಾಕು ಕೊಡಿಸಿ, ಗಾಲಿ ಬಿಚ್ಚಿಸಿದಳು. ನಟ್ಟು ಕೂರುವ ಜಾಗವನ್ನು ಉಗುರಿನಿಂದ ಕೆರೆದಾಗ ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಕೈಗೆ ಬಂತು.

‘ಈ ಬಣ್ಣ ಯಾವಾಗ ಹಚ್ಚೀರಿ ಲಕ್ಕಪ್ಪಾ?’

‘ದಸರಾದಾಗ್ರಿ. ಪೂಜಿಗೆ ಗಾಡಿ ಹೊಸಾ ಮದುಮಗಳಂಗ ಕಾಣಬೇಕಲ್ರಿ? ಗಾಲಿ ಬಿಚ್ಚಿ ಒಳಗ ಹೊರಗ ಎರಡೆರಡು ಸಲ ಬಳದೀನಿ.’ ಅವನ ದನಿಯಲ್ಲಿ ಹೆಮ್ಮೆಯಿತ್ತು. ‘ನಾ ಒಬ್ಬನ ಅಲ್ರಿ, ಎಲ್ಲಾರೂ ಹಚ್ಚೀವಿ.’

‘ಅದಕ್ಕ ಎಲ್ಲಾರ ನಟ್ಟೂ ಒಮ್ಮಿಗೇ ಸಡಲ ಆಗ್ಯಾವ,’ ಎಂದಳು ಇಂದುಮತಿ. ‘ನಟ್ಟು ಕಬ್ಬಿಣದ ಮ್ಯಾಲೆ ಕುಂತಿಲ್ಲ, ಬಣ್ಣದ ಮ್ಯಾಲೆ ಕುಂತೈತಿ. ಭಾರ ಬಿದ್ದು ಗಾಡಿ ಓಡಿದಂಗ ಬಣ್ಣ ಪುಡಿ ಆಗ್ತೈತಿ, ಬಿಗಿ ಹೋಗ್ತೈತಿ. ಅಷ್ಟು ಜಾಗ ಕೆರದು ಸ್ವಚ್ಛ ಮಾಡ್ರಿ, ಬಿಗಿ ಮಾಡ್ರಿ. ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ಮಾಡ್ರಿ. ಆಮೇಲೆ ನಟ್ಟು ನಿಮ್ಮ ತಂಟೆಗೆ ಬರಂಗಿಲ್ಲ.’

ಲಕ್ಕಪ್ಪ ಅವಳ ಕೈಯಿಂದ ಒಂದು ಚಕ್ಕೆ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಸದ್ಯಕ್ಕೆ ನಟ್ಟು ಬಿಗಿ ಮಾಡಿ ಕಾರ್ಖಾನೆಗೆ ಹೋಗುವುದು, ಅಲ್ಲಿ ಕಬ್ಬು ಇಳಿಸಿ ಎಲ್ಲ ಗಾಲಿ ಬಿಚ್ಚಿ ಕೆರೆಯುವುದು ಎಂದು ಮಾತಾಯಿತು. ಇಂದುಮತಿಯೂ ಟ್ರ್ಯಾಕ್ಟರಿನ ಹಿಂದೆಯೇ ಹೋದಳು.

ಸಕ್ಕರೆ ಕಾರ್ಖಾನೆಯ ಕಬ್ಬು ಅಧಿಕಾರಿ ರಾಯಗೊಂಡ ಅವಳ ಮಾತನ್ನು ಪೂರ್ತಿ ಕೇಳಲೇ ಇಲ್ಲ.

‘ಒಂದೊಂದು ಗಾಡಿ ಅರ್ಧ ದಿನ ನಿಲ್ಲಸಬೇಕಾ? ಇಲ್ಲಿ ಮಿಲ್ಲು ಖಾಲಿ ತಿರಗಾಕ ಹತ್ತೈತಿ. ನಿಮ್ಮ ನಟ್ಟು ಹೇಳೂದು ಹೇಳಲಿ ಮೇಡಂ, ನಿಲ್ಲಸೂದು ಬ್ಯಾಡ.’

‘ಬರೇ ಹೇಳಿದ್ರ ಯಾರು ಕೇಳ್ತಾರ್ರಿ?’

‘ನಮ್ಮ ಮಂದಿ ಏನು ಹುಚ್ಚರೇನು? ಕೇಳ್ತಾರ.’

ಹೇಳುವವರು ಹೇಳಬೇಕಾದಲ್ಲಿ ಹೇಳಿದರು. ನಾಲ್ಕೇ ದಿನಕ್ಕೆ ಸರ್ಕಾರದ ಆದೇಶ ಬಂತು: ಕಬ್ಬಿನ ಹಂಗಾಮು ಮುಗಿಯುವವರೆಗೆ ನಟ್ಟು ಎಚ್ಚರಿಸಬಹುದು, ನಿಲ್ಲಿಸಕೂಡದು. ಎಂಥ ಬುದ್ಧಿವಂತಿಕೆ ನೋಡಿ! ಭಾರ ಹೆಚ್ಚಿರುವ, ಸಾಲು ಉದ್ದವಿರುವ, ಗಾಲಿ ಕಳಚುವ ಸಂಭವ ಎಲ್ಲಕ್ಕಿಂತ ಜಾಸ್ತಿ ಇರುವ ತಿಂಗಳುಗಳಿಗೇ ಕಾವಲುಗಾರನಿಗೆ ರಜೆ. ಇಂದುಮತಿ ಕಚೇರಿ ಕಚೇರಿ ಅಲೆದು ಕೂಗಾಡಿದಳು. ಎಲ್ಲರೂ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಹೌದು ಹೌದು ಎಂದರು. ಆದೇಶ ಹಾಗೇ ಉಳಿಯಿತು.

ಈಗ ಗಾಡಿಗಳು ನಿಲ್ಲುತ್ತಿರಲಿಲ್ಲ. ಪರದೆಯ ಪಕ್ಕ ಒಂದು ಕೆಂಪು ದೀಪ ಉರಿಯುತ್ತಿತ್ತು, ಅಷ್ಟೆ. ಮೊದಲು ಚಾಲಕರು ಅದನ್ನು ನೋಡಿ ಹೌಹಾರಿದರು, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಕಣ್ಣಿಗೆ ಚುಚ್ಚುತ್ತದೆ ಎಂದು ಅದರ ಮೇಲೆ ಚೆಂಡು ಹೂವಿನ ಮಾಲೆ ಇಳಿಬಿಟ್ಟರು. ಲಕ್ಕಪ್ಪ ಸಿಕ್ಕ ಬಿಡುವಿನಲ್ಲಿ ಮುಂದಿನ ಟ್ರೇಲರಿನ ಗಾಲಿಗಳನ್ನು ಕೆರೆದು ಮುಗಿಸಿದ್ದ. ಹಿಂದಿನದಕ್ಕೆ ಕೈ ಹಚ್ಚಬೇಕೆನ್ನುವಾಗ ಹೊಲಕ್ಕೆ ಹೊರಡು ಎಂದು ಕರೆ ಬಂತು. ಅವನು ರಾಯಗೊಂಡನ ಮುಂದೆ ನಿಂತು, ‘ಸಾಹೇಬ್ರ, ಕೆಂಪು ದೀಪಾ ಹತ್ತೈತ್ರಿ. ಇದೊಂದು ಮುಗಿಸಿ ಹೊಕ್ಕೀನಿ’ ಎಂದ.

‘ದೀಪಾ ಅಲ್ಲೇನು? ಹತ್ತಲಿ. ಪಾಳಿ ತಪ್ಪಿದ್ರ ಮುಂದಿನ ವಾರ ಬಾ.’

ಲಕ್ಕಪ್ಪ ಹೋದ. ಕಬ್ಬು ಹೇರಿಕೊಂಡು ತಿರುಗಿ ಬಂದಾಗ ಇಳಿಜಾರಿನ ತಲೆಯಲ್ಲಿ ಟ್ರ್ಯಾಕ್ಟರು ನಿಲ್ಲಲಿಲ್ಲ. ಹಿಂದಿನ ಟ್ರೇಲರಿನ ಎಡಗಾಲಿ ಕಳಚಿ ಗಾಡಿಗಿಂತ ಮುಂದೆ ಓಡಿತು. ತಿರುವಿನಲ್ಲಿ ರಸ್ತೆ ತಿರುಗಿತು, ಗಾಲಿ ತಿರುಗಲಿಲ್ಲ.

ಕಸ್ತೂರೆವ್ವ ಬದುಕಿದಳು. ಅಂಗಡಿ ಹೋಯಿತು, ಬಲಗಾಲು ಹೋಯಿತು. ಗಾಲಿ ಆಕಸ್ಮಿಕವಾಗಿ ಕಳಚಿತು ಎಂದು ವರದಿಯಾಯಿತು. ಆಕಸ್ಮಿಕ! ವಾರಗಟ್ಟಲೆ ಕೆಂಪಗೆ ಉರಿದು ಉರಿದು ಹೇಳಿದ್ದು ಆಕಸ್ಮಿಕ ಹೇಗಾದೀತು?

ಇಂದುಮತಿ ಆಸ್ಪತ್ರೆಗೆ ಹೋದಾಗ ಲಕ್ಕಪ್ಪ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ. ಕಸ್ತೂರೆವ್ವ ಅತ್ತು ಮುಗಿಸಿದ್ದಳು.

‘ಅಕ್ಕಾರ, ಒಂದು ಮಾತು ಕೇಳ್ಲೇನ್ರಿ? ನಿಮ್ಮ ಈ ನಟ್ಟು ಬರೂಕಿಂತ ಮೊದಲ ಹಳೇ ನಟ್ಟು ಇದ್ವಲ್ಲ, ಅವು ಸಡಲ ಆಗಿದ್ದು ಹೆಂಗ ಗೊತ್ತಾಗ್ತಿತ್ರಿ?’

‘ಕಣ್ಣಿಗೇ ಕಾಣ್ತಿತ್ತು ಕಸ್ತೂರೆವ್ವಾ. ನಟ್ಟಿನ ಬುಡದಿಂದ ಕೆಂಪಗ ತುಕ್ಕಿನ ಗೆರಿ ಇಳೀತಿತ್ತು. ಗಾಲಿ ಅಲಗ್ಯಾಡ್ತಿತ್ತು. ಪಾನಾ ಹಚ್ಚಿ ತಿರುವಿ ನೋಡಿದ್ರ ಯಾರಿಗರ ತಿಳೀತಿತ್ತು.’

‘ಅಂದ್ರ ಅವೂ ಹೇಳ್ತಿದ್ವು,’ ಎಂದಳು ಕಸ್ತೂರೆವ್ವ. ಚಾದರದ ಕೆಳಗೆ ಕಾಲಿಲ್ಲದ ಜಾಗವನ್ನೇ ನೋಡಿದಳು. ‘ಮತ್ತ ಆ ಕಾಲದ ಮಂದಿ ಗಾಡಿ ನಿಲ್ಲಸ್ತಿದ್ರೇನ್ರಿ?’